ಮರೆವಿನ ಮನೆಗೆ ಬಂದ ನೆರವು

ಡಿಮೆನ್ಷಿಯಾ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಮನೆಯವರಿಗೂ ನೆರವು ಬೇಕೆಂಬ ಮಾತು ಭಾರತದಲ್ಲಿ ಗಟ್ಟಿಯಾಗಿ ಕೇಳಿಬಂದದ್ದು 1990ರ ದಶಕದಿಂದ ಈಚೆಗೆ. ಅಲ್ಲಿಯವರೆಗೆ ಹಳ್ಳಿಗಳಲ್ಲಿ ಇದು ಬರಿಯ ಅರಳುಮರುಳು. ವಯಸ್ಸಿಗೆ ಮದ್ದಿಲ್ಲವೆಂದು ವೈದ್ಯರ ಬಳಿ ಹೋಗುತ್ತಿದ್ದವರೇ ಕಡಿಮೆ. ಆರೈಕೆಯ ಹೊರೆ ಹೆಂಡತಿ, ಸೊಸೆ, ಮಗಳ ಮೇಲೆ ಬೀಳುತ್ತಿತ್ತು. ಹಗಲೆಲ್ಲ ಹೊಲ, ದನ, ಅಡುಗೆ. ರಾತ್ರಿಯಾದರೆ ತನ್ನದೇ ಮನೆಯಲ್ಲಿ ಕುಳಿತು ‘ನಮ್ಮನೆಗೆ ಹೋಗ್ತೀನಿ’ ಎನ್ನುತ್ತಾ ಬಾಗಿಲಿನ ಚಿಲಕಕ್ಕೆ ಕೈ ಹಾಕುವ ಅತ್ತೆಯನ್ನು ಕಾಯಬೇಕು. ಅದು ದುಡಿಮೆಯೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

1992ರಲ್ಲಿ ಕೇರಳದಲ್ಲಿ ಡಾ. ಜೇಕಬ್ ರಾಯ್ ಅವರ ಮುಂದಾಳತ್ವದಲ್ಲಿ ‘ಆರ್ಡ್‌ಸಿ’ ಎಂಬ ಅಲ್ಝೈಮರ್ಸ್ (ಡಿಮೆನ್ಷಿಯಾದ ಒಂದು ಬಗೆ) ಸಂಘ ಹುಟ್ಟಿತು. 1998ರಲ್ಲಿ ಕೊಚ್ಚಿಯ ಸಮ್ಮೇಳನದಲ್ಲಿ ‘10/66’ ಸಂಶೋಧನಾ ಗುಂಪು ರೂಪುಗೊಂಡಿತು. ಡಿಮೆನ್ಷಿಯಾ ರೋಗಿಗಳಲ್ಲಿ ಶೇ 66ರಷ್ಟು ಮಂದಿ ಅಭಿವೃದ್ಧಿಶೀಲ ದೇಶಗಳಲ್ಲಿದ್ದರೂ ಅವರ ಕುರಿತ ಸಂಶೋಧನೆ ಶೇ 10ಕ್ಕೂ ಕಡಿಮೆ ಎಂಬುದನ್ನು ಹೆಸರೇ ಸಾರುತ್ತಿತ್ತು. ಇದೇ ಚಿಂತನೆಯ ಫಲವಾಗಿ ಗೋವಾದ 81 ಕುಟುಂಬಗಳಲ್ಲಿ ಒಂದು ಪ್ರಯೋಗ ನಡೆಯಿತು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೇ ಹೋಗಿ, ಕಾಯಿಲೆ ಏನೆಂದು ತಿಳಿಸಿ, ಹಟ ಮಾಡುವವರನ್ನು ಸಂಭಾಳಿಸುವ ಬಗೆಯನ್ನು ಹೇಳಿಕೊಟ್ಟರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರೈಕೆ ಮಾಡುವವರ ಮಾನಸಿಕ ಸಂಕಟ ಇಳಿದಿತ್ತು. ಮನೆಯವರಿಗೆ ನೆರವಾಗಲೆಂದು ಮುಂದೆ ಬಂದ ಎಲ್ಲ ತಂತ್ರಜ್ಞಾನವನ್ನೂ ಈ ಪ್ರಯೋಗದ ಪಕ್ಕದಲ್ಲಿಟ್ಟೇ ಅಳೆಯಬೇಕು.

ಕರ್ನಾಟಕದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಮತ್ತು 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ದಾರಿ ಹಿಡಿದವು. ಆದರೆ ಎರಡೂ ಇದ್ದದ್ದು ಬೆಂಗಳೂರಿನಲ್ಲಿ. ಮನೆ ಬಿಟ್ಟು ಅಲ್ಲಾಡಲಾಗದ ಸೊಸೆಗೆ ಬೆಂಗಳೂರು ದೂರವೇ. ಇಂಥ ದೂರವನ್ನು ನೀಗಿಸುವ ಯತ್ನವಾಗಿ 2002ರಲ್ಲಿ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಆಸ್ಪತ್ರೆಗೆ ಬೆಂಗಳೂರಿನ ಹೃದ್ರೋಗ ತಜ್ಞರ ಸಂಪರ್ಕ ಸಿಕ್ಕಿತು. ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೆಸೆದ ತಂತು, ಮನೆಯನ್ನು ಮುಟ್ಟಲಿಲ್ಲ.

ಮನೆಯನ್ನು ಮುಟ್ಟುವ ಭರವಸೆ ಕೊಟ್ಟದ್ದು ಮೊಬೈಲ್. ವಿಶ್ವ ಆರೋಗ್ಯ ಸಂಸ್ಥೆ ‘ಐಸಪೋರ್ಟ್’ ಎಂಬ ಆನ್‌ಲೈನ್ ತರಬೇತಿಯನ್ನು ಹೊರತಂದಿತು. ಸ್ನಾನ ಬೇಡವೆನ್ನುವವರ ಜೊತೆ ವಾದಕ್ಕಿಳಿಯಬಾರದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯಬೇಕು ಎಂಬಂಥ ದಿನನಿತ್ಯದ ಪಾಠಗಳೇ ಇಂಥ ತರಬೇತಿಯ ಜೀವಾಳ. ನಿಮ್ಹಾನ್ಸ್ ತಂಡ ಇದನ್ನು ಭಾರತಕ್ಕೆ ಒಗ್ಗಿಸಿ 151 ಮಂದಿಯಲ್ಲಿ ಪರೀಕ್ಷಿಸಿತು. ಹಲವರು ನಡುವೆಯೇ ಬಿಟ್ಟರು. ರೋಗಿಯನ್ನು ನೋಡುವ ದೃಷ್ಟಿ ಸುಧಾರಿಸಿದರೂ ಹೊರೆ, ಖಿನ್ನತೆ ಗಮನಾರ್ಹವಾಗಿ ಇಳಿಯಲಿಲ್ಲ. ಇದರಲ್ಲಿ ಅಚ್ಚರಿಯೇನಿಲ್ಲ: ಬಿಡುವಿಲ್ಲದವರಿಗೆ ಪಾಠ ಓದಲೂ ಬಿಡುವಿಲ್ಲ, ಸ್ಮಾರ್ಟ್‌ಫೋನ್ ಎಷ್ಟೋ ಮನೆಗಳಲ್ಲಿ ಗಂಡಸರ ಜೇಬಿನಲ್ಲೇ ಇರುತ್ತದೆ.

2020ರ ಮಾರ್ಚ್‌ನಲ್ಲಿ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು, ಫೋನಿನಲ್ಲೇ ವೈದ್ಯರ ಸಲಹೆ ಪಡೆಯುವುದಕ್ಕೆ ಸ್ಪಷ್ಟ ನಿಯಮ ಸಿಕ್ಕಿತು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಮೆದುಳಿನ ಆರೋಗ್ಯ ಕಾರ್ಯಕ್ರಮವನ್ನು ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ಶುರುಮಾಡಿ, ಪ್ರಾಥಮಿಕ ಹಂತದ ವೈದ್ಯರಿಗೆ ತರಬೇತಿ ನೀಡತೊಡಗಿತು. ಅದೇ ವರ್ಷದ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಆರಂಭವಾಯಿತು. ಮಾನಸಿಕವಾಗಿ ಬಸವಳಿದ ಯಾರು ಬೇಕಾದರೂ ಕರೆ ಮಾಡಬಹುದು, ಆರೈಕೆ ಮಾಡುವವರೂ ಸೇರಿ. 14416ಕ್ಕೆ ಕರೆ ಉಚಿತ. ಕನ್ನಡದಲ್ಲೇ ಮಾತಾಡಬಹುದು, ಸ್ಮಾರ್ಟ್‌ಫೋನ್ ಬೇಕಿಲ್ಲ.