ಮಾಟುಂಗಾ: ನಮ್ಮವರು ಆರಿಸಿಕೊಂಡ ಕೇರಿ

ಉಡುಪಿ, ಕಾಪು, ಕಾರ್ಕಳ ಕಡೆಯ ಯಾವ ಮನೆಗೆ ಹೋದರೂ 'ಬೊಂಬಾಯಿಗೆ ಹೋದವರು' ಒಬ್ಬರಾದರೂ ಇದ್ದೇ ಇರುತ್ತಾರೆ. ಅವರು ಎಷ್ಟನೆಯ ವಯಸ್ಸಿನಲ್ಲಿ ಊರು ಬಿಟ್ಟರು, ಯಾವ ಹೋಟೆಲಿನಲ್ಲಿ ಲೋಟ ತೊಳೆದರು, ಎಷ್ಟು ವರ್ಷಕ್ಕೆ ಸ್ವಂತ ವ್ಯಾಪಾರ ಹಿಡಿದರು ಎಂಬ ಕಥೆಗಳು ನಮಗೆ ಬಾಯಿಪಾಠವಾಗಿವೆ. ಆದರೆ ಅಷ್ಟು ದೊಡ್ಡ ಪಟ್ಟಣದಲ್ಲಿ ಅವರು ವಾಸಕ್ಕೆ ಯಾವ ಜಾಗವನ್ನು ಹಿಡಿದರು, ಅದನ್ನೇ ಏಕೆ ಹಿಡಿದರು ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆ ನನ್ನ ತಲೆಯಲ್ಲಿ ಸುಳಿಯುವುದಕ್ಕೆ ನನ್ನ ಹಳೆಯ ವಿದ್ಯಾರ್ಥಿಗಳೇ ಕಾರಣ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಮನೆ ಹುಡುಕುವ ಅವರು ದೂರವಾಣಿಯಲ್ಲಿ ಮಾತನಾಡುವಾಗ ಚದರ ಅಡಿಯ ಲೆಕ್ಕ ಹೇಳುತ್ತಾರೆ, ಕಾರು ನಿಲ್ಲಿಸುವ ಜಾಗದ ವಿಷಯ ಹೇಳುತ್ತಾರೆ. ಗೇಟು ದಾಟಿ ನಡೆದರೆ ಎಲ್ಲಿಗೆ ತಲುಪಬಹುದು, ಎದುರು ಮನೆಯಲ್ಲಿ ಯಾರಿರುತ್ತಾರೆ ಎಂಬ ಮಾತು ಬರುವುದೇ ಇಲ್ಲ. ನಮ್ಮ ಹಿಂದಿನವರಲ್ಲಿ ಆಯ್ಕೆಯ ಅವಕಾಶವಿದ್ದವರು ಬಹುಮಟ್ಟಿಗೆ ಈ ಎರಡನ್ನೇ ನೋಡಿ ಮಾಟುಂಗಾದ ಕಡೆಗೆ ಹೋದರೆಂದು ನನಗೆ ತೋರುತ್ತದೆ. ಆ ಕೇರಿಯ ಇತಿಹಾಸವನ್ನು ಇಲ್ಲಿ ಸ್ವಲ್ಪ ಬರೆಯುತ್ತೇನೆ.

ಅವರು ಬಿಟ್ಟು ಹೋದ ಊರುಗಳೂ ನಡೆದು ಮುಗಿಸಬಹುದಾದ ಊರುಗಳೇ ಆಗಿದ್ದವು. ಉಡುಪಿಯ ರಥಬೀದಿಯನ್ನು ಒಂದು ಸುತ್ತು ಬಂದರೆ ಕೃಷ್ಣಮಠ, ಅನಂತೇಶ್ವರ, ಚಂದ್ರಮೌಳೀಶ್ವರ, ಅಷ್ಟಮಠಗಳು ಎಲ್ಲವೂ ಆದವು. ಕಾರ್ಕಳದಲ್ಲಿ ವೆಂಕಟರಮಣ ದೇವಸ್ಥಾನದಿಂದ ಚತುರ್ಮುಖ ಬಸದಿಗೆ ವಾಹನ ಹತ್ತಿ ಹೋದವರು ಹಿಂದೆ ಯಾರಿದ್ದರು? ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದಿಂದ ಮಾರಿಗುಡಿಗಳ ತನಕ ಕಾಲ್ನಡಿಗೆಯೇ ಆಗಿತ್ತು. ಆದರೆ ಯಾರು ಯಾವ ಕೇರಿಯಲ್ಲಿ ಇರಬೇಕು, ಯಾರು ಯಾವ ಬೀದಿಯಲ್ಲಿ ಎಲ್ಲಿಯವರೆಗೆ ನಡೆಯಬಹುದು ಎಂಬುದು ಹುಟ್ಟಿನೊಂದಿಗೇ ತೀರ್ಮಾನವಾಗಿತ್ತು. ಕನಕನ ಕಿಂಡಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆ 1956ರವರೆಗೂ ಮದರಾಸಿಗೆ ಸೇರಿತ್ತು. 1907ರಲ್ಲಿ ಮಂಗಳೂರಿಗೆ ಬಂದ ರೈಲೂ ಮದರಾಸಿನ ಕಡೆಯಿಂದಲೇ ಬಂತು. ಕರಾವಳಿಯ ಉದ್ದಕ್ಕೆ ಮುಂಬಯಿಗೆ ಹಳಿ ಕೂಡಿದ್ದು 1998ರಲ್ಲಿ. ಹೀಗಿದ್ದರೂ ನಮ್ಮವರು ಮುಂಬಯಿಗೆ ಹೋದರು. ಮಂಗಳೂರಿನಿಂದಲೋ ಮಲ್ಪೆಯಿಂದಲೋ ಹೊಗೆಹಡಗು ಹತ್ತಿ ಹೋದರು, ಮಳೆಗಾಲದಲ್ಲಿ ಹಡಗು ನಿಂತಾಗ ಘಟ್ಟ ಹತ್ತಿ ಹೋದರು. ಮೊದಲು ಹೋದ ಹುಡುಗರ ವಿಳಾಸ ಹೋಟೆಲೇ ಆಗಿತ್ತು. ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗುವುದು, ಬೆಳಗಿನ ಜಾವಕ್ಕೆ ಎದ್ದು ಒಲೆ ಹೊತ್ತಿಸುವುದು. ಒಂದು ತಗಡಿನ ಪೆಟ್ಟಿಗೆಯೇ ಅವರ ಮನೆ. ಕೋಟೆ ಪ್ರದೇಶದಲ್ಲಿ, ಅಂದರೆ ಫೋರ್ಟಿನಲ್ಲಿ, ಕನ್ನಡ ರಾತ್ರಿ ಶಾಲೆಗಳು ಹುಟ್ಟಿದ್ದು ಇಂಥ ಹುಡುಗರಿಗಾಗಿ. ಹಗಲೆಲ್ಲ ಎಂಜಲು ಬಳಿದ ಕೈ ರಾತ್ರಿ ಬಳಪ ಹಿಡಿಯಿತು. ಅಧ್ಯಾಪಕನಾಗಿದ್ದ ನನಗೆ ಮುಂಬಯಿ ಕನ್ನಡಿಗರ ಸಾಧನೆಗಳಲ್ಲೆಲ್ಲ ಇದೇ ದೊಡ್ಡದಾಗಿ ಕಾಣುತ್ತದೆ. ಶಾಲೆ ಹೋಟೆಲಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಇಲ್ಲದಿದ್ದರೆ ಈ ಸಾಧನೆ ಸಾಧ್ಯವಿರಲಿಲ್ಲ. ಎರಡು ಮೈಲಿ ಆಚೆ ಇದ್ದಿದ್ದರೆ ಆ ಹುಡುಗರು ನಿದ್ದೆಯನ್ನೇ ಆರಿಸಿಕೊಳ್ಳುತ್ತಿದ್ದರು.

ಇನ್ನು ಮಾಟುಂಗಾ ಹುಟ್ಟಿದ ಬಗೆ. 1896ರಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಚಾಳುಗಳೇ ರೋಗದ ಬೀಡು ಎಂದು ಬಗೆದ ಸರಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿತು. ಪಟ್ಟಣದ ಉತ್ತರಕ್ಕೆ ಗದ್ದೆ, ತೋಟ, ಜೌಗು ನೆಲಗಳಾಗಿ ಬಿದ್ದಿದ್ದ ದಾದರ್, ಮಾಟುಂಗಾ, ವಡಾಲ, ಸಯನ್ ಪ್ರದೇಶಗಳಲ್ಲಿ ಹೊಸ ಬಡಾವಣೆ ಮಾಡುವ ಯೋಜನೆ ಅದರದ್ದು. ಅಗಲವಾದ ಬೀದಿಗಳು, ಇಬ್ಬದಿಯಲ್ಲಿ ಮರಗಳು, ಕಟ್ಟಡ ಕಟ್ಟಡಗಳ ನಡುವೆ ಬಿಟ್ಟ ಜಾಗ, ಎತ್ತರಕ್ಕೊಂದು ಮಿತಿ, ನಡುವೆ ಕಿಂಗ್ಸ್ ಸರ್ಕಲ್ ಎಂಬ ದುಂಡಗಿನ ಉದ್ಯಾನ, ಅದರ ದಕ್ಷಿಣಕ್ಕೆ ಫೈವ್ ಗಾರ್ಡನ್ಸ್. ಕಿಂಗ್ಸ್ ಸರ್ಕಲ್ ಉದ್ಯಾನಕ್ಕೆ ಇಂದು ಮಹೇಶ್ವರಿ ಉದ್ಯಾನವೆಂದು ಹೆಸರು. ಗ್ರಾಮವಾಗಿದ್ದ ಕಾಲದ ನೆನಪಾಗಿ ಮರೂಬಾಯಿ ಎಂಬ ಗ್ರಾಮದೇವತೆಯ ಗುಡಿ ಅಲ್ಲಿ ಉಳಿದುಕೊಂಡಿದೆ. ಕಾಪುವಿನ ಮಾರಿಯಮ್ಮನ ಭಕ್ತರಿಗೆ ಆ ಹೆಸರು ಕೇಳಿ ಊರು ನೆನಪಾಗಿದ್ದರೆ ಆಶ್ಚರ್ಯವಿಲ್ಲ.

ಬಡಾವಣೆ ಕಾಗದದ ಮೇಲೆ ಬೇಗ ಆಯಿತು, ಮನೆಗಳು ಮಾತ್ರ ನಿಧಾನವಾಗಿ ಎದ್ದವು. 1920, 30ರ ದಶಕಗಳಲ್ಲಿ ಎರಡು ಮೂರು ಅಂತಸ್ತಿನ ಕಟ್ಟಡಗಳು ಸಾಲುಸಾಲಾಗಿ ಬಂದಾಗ ಆರ್ಥಿಕ ಮುಗ್ಗಟ್ಟಿನ ಕಾಲ. 'ಬಾಡಿಗೆಗೆ ಇದೆ' ಎಂಬ ಫಲಕ ತೂಗಿಸಿಕೊಂಡು ಮನೆಗಳೇ ಬಾಡಿಗೆದಾರರಿಗಾಗಿ ಕಾದಿದ್ದವು. ರೈಲ್ವೆ, ಬ್ಯಾಂಕು, ಸರಕಾರಿ ಕಚೇರಿಗಳಲ್ಲಿ ಗುಮಾಸ್ತರೂ ಬೆರಳಚ್ಚುಗಾರರೂ ಆಗಿದ್ದ ದಕ್ಷಿಣದವರು ಆ ಫಲಕಗಳ ಕೆಳಗೆ ನಿಂತರು. ತಮಿಳರು ಹೆಚ್ಚು, ಜೊತೆಗೆ ಮಲಯಾಳಿಗಳು, ನಮ್ಮ ಕನ್ನಡ, ತುಳು, ಕೊಂಕಣಿಯವರು. ಚಾಳಿನಲ್ಲಿ ಒಂದು ಅಂತಸ್ತಿಗೆಲ್ಲ ಸೇರಿ ಇರುತ್ತಿದ್ದ ಶೌಚಾಲಯ ಇಲ್ಲಿ ಪ್ರತಿ ಮನೆಯ ಒಳಗೇ ಬಂತು. ಅಡುಗೆ ಮನೆಯ ಹತ್ತಿರವೇ ಅದಿರುವುದೆಂದರೆ ಮಡಿ ಹಿಡಿದ ಹಿರಿಯರಿಗೆ ಎಷ್ಟು ಇರುಸುಮುರುಸಾಗಿರಬೇಕು ಎಂದು ಊಹಿಸಿದರೆ ನನಗೆ ನಗು ಬರುತ್ತದೆ. ಸೊಸೆಯಂದಿರು ಮಾತ್ರ ಒಳಗೊಳಗೇ ಸಂತೋಷಪಟ್ಟಿರಬೇಕು.

ಆ ಕೇರಿಯಲ್ಲಿ ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ನೆಲೆಯಾದ ಸಂಸ್ಥೆಗಳನ್ನು ನೋಡಿ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್, 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿಯ ಶಾಲೆ, 1933ರಲ್ಲಿ ಹುಟ್ಟಿ ರೈಲು ಹಳಿಯ ಪಶ್ಚಿಮಕ್ಕೆ ನೆಲೆ ಕಂಡ ಕರ್ನಾಟಕ ಸಂಘ, 1937ರಲ್ಲಿ ಸಿಖ್ಖರು ತೆರೆದ ಖಾಲ್ಸಾ ಕಾಲೇಜು, ಅದೇ ವರ್ಷ ರೂಯಿಯಾ ಕಾಲೇಜು. 1942ರಲ್ಲಿ ನಮ್ಮ ದಕ್ಷಿಣ ಕನ್ನಡದಿಂದ ಹೋದ ಎ. ರಾಮ ನಾಯಕರು ರೈಲು ನಿಲ್ದಾಣದ ಮಗ್ಗುಲಲ್ಲೇ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದು ಬಾಳೆಲೆಯ ಊಟ ಬಡಿಸಿದರು. ಕಿಂಗ್ಸ್ ಸರ್ಕಲಿನಲ್ಲಿ ಗೌಡ ಸಾರಸ್ವತರ ಗಣೇಶೋತ್ಸವ 1955ರಲ್ಲಿ ಆರಂಭವಾಯಿತು. ಷಣ್ಮುಖಾನಂದ ಸಭಾಗೃಹ 1963ರಲ್ಲಿ ತೆರೆಯಿತು. ಜೈನರ ಬಸದಿ, ಪಾರ್ಸಿಗಳ ಅಗಿಯಾರಿ, ಡಾನ್ ಬಾಸ್ಕೊ ಪಾದ್ರಿಗಳ ಶಾಲೆ, ದಕ್ಷಿಣದವರ ಆಸ್ತಿಕ ಸಮಾಜದ ಗುಡಿ ಇವೆಲ್ಲ ಒಂದೇ ಸಂಜೆಯ ನಡಿಗೆಗೆ ಸಿಗುತ್ತವೆ. ದೇಶ ವಿಭಜನೆಯ ನಂತರ ಪಂಜಾಬು, ಸಿಂಧ್ ಕಡೆಯ ನಿರಾಶ್ರಿತರು ಪಕ್ಕದ ಸಯನ್ ಕೋಳಿವಾಡಕ್ಕೆ ಬಂದರು. ಅವರ ತಂದೂರು ಒಲೆಗಳೂ ಸೇರಿದವು.

ನನ್ನ ಚಿಕ್ಕಮ್ಮನ ಸಂಸಾರ ಅಲ್ಲಿ ಕೆಲವು ವರ್ಷ ಇತ್ತು. 1961ರ ಬೇಸಗೆ ರಜೆಯಲ್ಲಿ ನಾನು ಬಸ್ಸಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ರೈಲು ಹಿಡಿದು, ಪುಣೆಯಲ್ಲಿ ಗಾಡಿ ಬದಲಿಸಿ ಅವರಲ್ಲಿಗೆ ಹೋಗಿದ್ದೆ. ಕಾರ್ಕಳದಲ್ಲಿದ್ದಾಗ ಚಿಕ್ಕಮ್ಮ ದೇವಸ್ಥಾನಕ್ಕೆ ಹೊರಟರೂ ಜೊತೆಗೆ ಒಬ್ಬರು ಬೇಕಿತ್ತು. ಮಾಟುಂಗಾದಲ್ಲಿ ಅದೇ ಚಿಕ್ಕಮ್ಮ ಬೆಳಿಗ್ಗೆ ಹತ್ತು ಗಂಟೆಗೆ ಚೀಲ ಹಿಡಿದು ಒಬ್ಬರೇ ಮಾರ್ಕೆಟಿಗೆ ನಡೆಯುತ್ತಿದ್ದರು. ತರಕಾರಿಯವಳೊಂದಿಗೆ ಮರಾಠಿ, ಎದುರು ಮನೆಯ ಕಚ್ಛಿ ಹೆಂಗಸಿನೊಂದಿಗೆ ಹಿಂದಿಯೋ ಗುಜರಾತಿಯೋ ತಿಳಿಯದ ಒಂದು ಮಾತು, ಮೇಲಿನ ಮನೆಯ ತಮಿಳು ಮಾಮಿಯೊಂದಿಗೆ ಅರ್ಧ ಕನ್ನಡ ಅರ್ಧ ತಮಿಳು. ನಮ್ಮ ಕಡೆಯ ನುಗ್ಗೆ, ಕೆಸು, ಸೌತೆ ಆ ಮಾರ್ಕೆಟಿನಲ್ಲಿ ಸಿಗುತ್ತಿತ್ತು. ನಿಲ್ದಾಣದ ಹತ್ತಿರ ಹೂವಿನ ಸಾಲು. "ಊರಿನಲ್ಲಿ ನನಗೆ ಅಂಗಳ ಇತ್ತು ಮಾರಾಯ, ಇಲ್ಲಿ ಬೀದಿ ಇದೆ" ಎಂದು ಅವರು ಒಮ್ಮೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಚಿಕ್ಕಪ್ಪನಿಗೆ ಮಾಟುಂಗಾ ಎಂದರೆ ಕಚೇರಿಗೆ ಹೋಗಲು ಅನುಕೂಲವಾದ ನಿಲ್ದಾಣ, ಅಷ್ಟೆ. ನಡೆದಾಡುವ ಊರಿನ ಲಾಭ ಪಡೆದವರು ಮೊದಲು ಹೆಂಗಸರು, ಮಕ್ಕಳು, ಮುದುಕರು. ಹಗಲು ಮನೆಯಲ್ಲಿ ಉಳಿಯುವವರು ಅವರೇ ತಾನೇ?

ಇಷ್ಟು ಬರೆದ ಮೇಲೆ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಮಾಟುಂಗಾದಲ್ಲಿ ನಾನಾ ಜನ ಕೂಡಿದ್ದು ನಿಜ, ಆದರೆ ಬೀದಿ ಕೂಡಿಸಿದಷ್ಟು ಮನೆಯ ಬಾಗಿಲು ಕೂಡಿಸಲಿಲ್ಲ. ಮಂಚೇರ್ಜಿ ಜೋಶಿಯವರು ಟ್ರಸ್ಟಿನ ಮನ ಒಲಿಸಿ 103 ನಿವೇಶನಗಳನ್ನು ಪಾರ್ಸಿಗಳಿಗೆಂದೇ ಪಡೆದರು. ದಾದರ್ ಪಾರ್ಸಿ ಕಾಲನಿ ಬೆಳೆದದ್ದು ಹಾಗೆ. ಅದರ ಪಕ್ಕದಲ್ಲಿ ಹಿಂದೂ ಕಾಲನಿ. ಅತ್ತ ಗಾಮದೇವಿಯಲ್ಲಿ ನಮ್ಮ ಕೆನರಾದಿಂದ ಹೋದ ಸಾರಸ್ವತರು 1915ರಲ್ಲೇ ತಮ್ಮವರಿಗಾಗಿ ಸಹಕಾರಿ ಗೃಹ ಸಂಘವನ್ನು ಕಟ್ಟಿದ್ದರು. ಭಾರತದಲ್ಲಿ ಇಂಥ ಮೊದಮೊದಲ ಸಂಘಗಳಲ್ಲಿ ಅದೂ ಒಂದು. ಅದರ ಜಾಣ್ಮೆಯನ್ನು ಹೊಗಳಬೇಕು, ಆದರೆ ಅದು ಕೇರಿಯನ್ನು ಮುಂಬಯಿಗೆ ಹೊತ್ತೊಯ್ದ ಬಗೆ ಎಂದೂ ಹೇಳಬೇಕು. ಮಾಟುಂಗಾದ ಪಶ್ಚಿಮಕ್ಕೆ ಧಾರಾವಿಯ ಅಂಚಿನಲ್ಲಿದ್ದ ಲೇಬರ್ ಕ್ಯಾಂಪಿನಲ್ಲಿ ದಲಿತ ಕುಟುಂಬಗಳು ನೆಲೆಸಿದವು. ಮರಾಠಿಯ ದೊಡ್ಡ ಕಥೆಗಾರ ಬಾಬುರಾವ್ ಬಾಗುಲ್ ಬೆಳೆದದ್ದು ಅಲ್ಲಿ. ಕಿಂಗ್ಸ್ ಸರ್ಕಲಿನಿಂದ ಅಲ್ಲಿಗೆ ಬಹಳ ದೂರವಿಲ್ಲ. ಆದರೂ ಆ ದೂರವನ್ನು ನಡೆದವರು ಹೆಚ್ಚಾಗಿ ಆ ಕಡೆಯಿಂದ ಈ ಕಡೆಗೆ ಕೆಲಸಕ್ಕೆ ಬಂದವರು.

ಇದು ಮುಗಿದ ಕಾಲದ ಮಾತಲ್ಲ. ಒಂದು ಗೃಹ ಸಹಕಾರ ಸಂಘ ತನ್ನ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸಬಹುದು ಎಂದು, ಅಹಮದಾಬಾದಿನ ಪಾರ್ಸಿ ಸಂಘವೊಂದರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು 2005ರಲ್ಲಿ ತೀರ್ಪಿತ್ತಿದೆ. ಕಾನೂನು ಹೇಗೂ ಇರಲಿ, ಕಾಪು ಕಡೆಯ ನನ್ನ ವಿದ್ಯಾರ್ಥಿಯೊಬ್ಬ, ಒಳ್ಳೆಯ ಸಂಬಳದ ಇಂಜಿನಿಯರು, ದೊಡ್ಡ ಪಟ್ಟಣವೊಂದರಲ್ಲಿ ಮನೆ ನೋಡಿ, ಮುಂಗಡದ ಮಾತೂ ಆಗಿ, ಕೊನೆಗೆ ಹೆಸರು ಹೇಳಿದ ಮೇಲೆ "ಮನೆ ಮೊನ್ನೆಯೇ ಬೇರೆಯವರಿಗೆ ಆಯಿತು" ಎಂಬ ಉತ್ತರ ಕೇಳಿದ. ಹೀಗೆ ನಾಲ್ಕು ಕಡೆ ಆಯಿತಂತೆ. ಐದನೆಯ ಕಡೆ ಅವನೇ ಮೊದಲು ಹೆಸರು ಹೇಳಿ, ಅನಂತರ ಮನೆ ತೋರಿಸಿ ಎಂದನಂತೆ. ಇದನ್ನು ಅವನು ನಗುತ್ತಲೇ ಹೇಳಿದ. ಕೇಳಿದ ನನಗೆ ನಗಲಾಗಲಿಲ್ಲ.

ಮಾಟುಂಗಾದ ಬಾಗಿಲು ನಮ್ಮವರಿಗೂ ಬಹಳ ಕಾಲ ತೆರೆದಿರಲಿಲ್ಲ. ಯುದ್ಧಕಾಲದಲ್ಲಿ ಮನೆಗಳು ದುರ್ಲಭವಾದವು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಒಳಗಿದ್ದವರನ್ನು ಕಾಪಾಡಿತು, ಹೊರಗಿನಿಂದ ಬಂದವರು ಪಗಡಿ ಕೊಡಬೇಕಾಯಿತು. ಅಷ್ಟು ದುಡ್ಡಿಲ್ಲದವರು ರೈಲು ಹಳಿಯ ಉದ್ದಕ್ಕೆ ಉತ್ತರಕ್ಕೆ ಸರಿದರು: ಕುರ್ಲಾ, ಅಂಧೇರಿ, ಠಾಣೆ, ಡೊಂಬಿವಲಿ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಭವನ ಇಂದು ಅಂಧೇರಿಯಲ್ಲಿದೆ, 1927ರ ಬಂಟರ ಸಂಘದ್ದು ಕುರ್ಲಾದಲ್ಲಿ, ಬಿಲ್ಲವರದ್ದು ಸಾಂತಾಕ್ರೂಜಿನಲ್ಲಿ. ಈ ಭವನಗಳ ವಿಳಾಸ ಓದಿದರೆ ನಮ್ಮವರು ಹೇಗೆ ಚದುರಿದರು ಎಂಬುದರ ನಕ್ಷೆಯೇ ಸಿಗುತ್ತದೆ. ಅಲ್ಲಿಯೂ ಅವರು ಹುಡುಕಿದ್ದು ನಿಲ್ದಾಣಕ್ಕೆ ನಡೆದು ಹೋಗಬಹುದಾದ ಮನೆಯನ್ನೇ.

ಬೆಂಗಳೂರಿನ ಮಾತು ಬೇರೆಯೇ ಒಂದು ಲೇಖನವಾಗಬೇಕು. ಅಲ್ಲಿಯೂ 1898ರ ಪ್ಲೇಗಿನಿಂದಲೇ ಮಲ್ಲೇಶ್ವರ, ಬಸವನಗುಡಿಗಳಿಗೆ ಚಾಲನೆ ದೊರೆಯಿತು. ನಮ್ಮ ಜಿಲ್ಲೆಯ ಸಾಲಿಗ್ರಾಮದವರು 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆದರು. ಮಾಸ್ತಿಯವರು ಗವಿಪುರದ ಮನೆಯಿಂದ ಕ್ಲಬ್ಬಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದುದು ಎಲ್ಲರಿಗೂ ಗೊತ್ತು. ಇಂದು ಅದೇ ನಗರದ ಹೊರವಲಯದಲ್ಲಿ ನನ್ನ ವಿದ್ಯಾರ್ಥಿಗಳು ಕೊಳ್ಳುವ ಮನೆಗಳಿಗೆ ಈಜುಕೊಳವಿದೆ. ಒಂದು ಕಟ್ಟು ಕೊತ್ತಂಬರಿ ತರಲು ಮಾತ್ರ ವಾಹನ ಬೇಕು. ಅವರ ತಂದೆತಾಯಿ ಊರಿನಿಂದ ಹೋದರೆ ಹದಿನೈದು ದಿನಕ್ಕೇ ಹಿಂದಿರುಗುವುದರಲ್ಲಿ ಏನಾಶ್ಚರ್ಯ?

ನಾವು ಹೋದದ್ದನ್ನೇ ಹೇಳುತ್ತಿದ್ದೇನೆ. ನಮ್ಮಲ್ಲಿಗೆ ಬಂದವರೂ ಇದ್ದಾರೆ. 1942ರಲ್ಲಿ ಡಾ. ಟಿ. ಎಂ. ಎ. ಪೈಯವರು ಅಕಾಡೆಮಿಯನ್ನು ಸ್ಥಾಪಿಸಿದಾಗ ಮಣಿಪಾಲ ಮುರಕಲ್ಲಿನ ಬೋಳುಗುಡ್ಡ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಂದಿನಿಂದ ಅಲ್ಲಿಗೆ ದೇಶದ ಎಲ್ಲ ಕಡೆಯ ಮಕ್ಕಳು ಬಂದಿದ್ದಾರೆ. ಸಂಜೆ ಟೈಗರ್ ಸರ್ಕಲಿನಿಂದ ಎಂಡ್ ಪಾಯಿಂಟಿನ ಕಡೆಗೆ ನಡೆದರೆ ಕಿವಿಗೆ ಬೀಳುವ ಭಾಷೆಗಳನ್ನು ಎಣಿಸುವುದು ಕಷ್ಟ. ಈಗ ಮನೆ ಕೊಡುವವರು ನಾವು, ಕೇಳುವವರು ಅವರು. ಈಚೆಗೆ ಈಶ್ವರನಗರದ ಒಳರಸ್ತೆಯಲ್ಲಿ ನಡೆಯುವಾಗ ಒಂದು ಗೇಟಿನಲ್ಲಿ ಬಾಡಿಗೆಯ ಫಲಕ ಕಂಡಿತು. ಅದರ ಕೆಳಗೆ ಯಾರಿಗೆ ಕೊಡುವುದಿಲ್ಲ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದಿದ್ದರು. ಅದರ ಮುಂದಿನ ಗೇಟಿನಲ್ಲಿ ಬರಿಯ ದೂರವಾಣಿ ಸಂಖ್ಯೆ ಇತ್ತು.