ಹಿಪ್ಪೋದ ಗೋಡೆಯ ಮೇಲಿನ ಕೀರ್ತನೆಗಳು

ಕ್ರಿ.ಶ. 430ರ ಬೇಸಿಗೆಯಲ್ಲಿ ವ್ಯಾಂಡಲರ ಸೈನ್ಯವು ಉತ್ತರ ಆಫ್ರಿಕದ ಹಿಪ್ಪೋ ನಗರವನ್ನು ಮುತ್ತಿತ್ತು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ, 75 ದಾಟಿದ್ದ ಧರ್ಮಾಧ್ಯಕ್ಷ ಸಂತ ಅಗಸ್ಟೀನರು ಜ್ವರದಿಂದ ಹಾಸಿಗೆ ಹಿಡಿದರು. ಆಗ ಜೊತೆಗಿದ್ದ ಕಲಾಮದ ಧರ್ಮಾಧ್ಯಕ್ಷ ಪೊಸಿಡಿಯಸ್ಸರು ಬರೆದ ಚರಿತ್ರೆಯಿಂದ ಆ ಕೊನೆಯ ದಿನಗಳನ್ನು ನಾವು ಬಲ್ಲೆವು.

426ರಲ್ಲಿಯೇ ಅಗಸ್ಟೀನರು ತಮ್ಮ ಮುಪ್ಪನ್ನು ಸಭೆಯ ಮುಂದೆ ಮರೆಮಾಚದೆ ನುಡಿದು, ಎರಾಕ್ಲಿಯಸ್ ಎಂಬ ಗುರುವನ್ನು ಉತ್ತರಾಧಿಕಾರಿಯೆಂದು ಸೂಚಿಸಿ, ನಿತ್ಯದ ವ್ಯವಹಾರಗಳನ್ನು ಅವರಿಗೊಪ್ಪಿಸಿದ್ದರು. ಪವಿತ್ರ ಗ್ರಂಥದ ಅಧ್ಯಯನಕ್ಕೆ ಅವರಿಗೆ ಬಿಡುವು ಬೇಕಿತ್ತು. (ವಾರಕ್ಕೆ 5 ದಿನ ಅವರನ್ನು ಕಾಡುವುದಿಲ್ಲವೆಂದು ಜನರು ಹಿಂದೊಮ್ಮೆ ಒಪ್ಪಿ, ಬೇಗನೆ ಮರೆತಿದ್ದರು, ಧರ್ಮಕೇಂದ್ರದ ಗುರುಗಳಿಗೆ ಇದು ಹೊಸದೆನಿಸದು.)

ರೋಗಶಯ್ಯೆಯಲ್ಲಿ ಅವರು ದಾವೀದನ ಕೆಲವೇ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಗೋಡೆಗೆ ಹಚ್ಚಿಸಿದರು. ಮಲಗಿದಲ್ಲಿಂದಲೇ ಅವನ್ನು ಓದುತ್ತ ಅತ್ತರು. ಸುಮಾರು 10 ದಿನ, ವೈದ್ಯರು ಬರುವ ಮತ್ತು ಊಟ ತರುವ ಹೊತ್ತಿನ ಹೊರತು, ಯಾರೂ ಒಳಗೆ ಬಾರದಿರಲೆಂದು ಕೇಳಿಕೊಂಡರು. ಶ್ಲಾಘನೀಯರಾದ ಕ್ರೈಸ್ತರೂ ಗುರುಗಳೂ ಸಹ ಪಶ್ಚಾತ್ತಾಪವಿಲ್ಲದೆ ದೇಹ ಬಿಡಬಾರದೆಂದು ಅವರು ಹೇಳುತ್ತಿದ್ದರು.

ಈ ಕಣ್ಣೀರನ್ನು ಭಯವೆಂದು ಅರ್ಥೈಸುವುದನ್ನು ನಾವು ಒಪ್ಪೆವು. ದೈವಕೃಪೆಯನ್ನು ದಶಕಗಳ ಕಾಲ ಬೋಧಿಸಿದವರು ಕೊನೆಗೆ ಅದನ್ನೇ ಬೇಡಿದರು. ಅವರ ಸಾಂತ್ವನವಿದ್ದುದು ಕ್ಷಮಿಸುವಾತನಲ್ಲಿ. ವೃದ್ಧ ವಿಶ್ವಾಸಿಯೊಬ್ಬರು ಹಳೆಯ ಪಾಪವನ್ನು ನೆನೆದು ಅತ್ತಾಗ, 'ನೀವು ಅಂಥ ತಪ್ಪೇನು ಮಾಡಿದ್ದೀರಿ' ಎಂದು ಎದ್ದುಬಿಡುವುದು ಸುಲಭ. ಆದರೆ ಅವರಿಗೆ ಬೇಕಾದುದು ಪಾಪನಿವೇದನೆ, ಅದನ್ನು ಕೇಳುವ ತಾಳ್ಮೆ.

ಆಗಸ್ಟ್ 28ರಂದು ಅಗಸ್ಟೀನರು ತೀರಿಕೊಂಡರು. ಉಯಿಲು ಬರೆದಿರಲಿಲ್ಲ, ಬಿಟ್ಟುಹೋಗಲು ಆಸ್ತಿಯೇ ಇರಲಿಲ್ಲ. ದೇವಾಲಯದ ಗ್ರಂಥಗಳನ್ನು ಮುಂದಿನವರಿಗಾಗಿ ಜೋಪಾನಮಾಡಬೇಕೆಂದು ಮಾತ್ರ ಹೇಳಿದ್ದರು.