ಬಾಣಂತಿ ಕೋಣೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬಾಣಂತಿ ಕೋಣೆಯನ್ನು ಕಂಡವರಿಗೆ ಚೀನಾದ ಹೆಂಗಸರ ವೈದ್ಯ ಅಷ್ಟೇನೂ ಅಪರಿಚಿತವೆನಿಸದು. ಬಚ್ಚಲ ಹಂಡೆಯಲ್ಲಿ ಕುದಿಯುವ ನೀರು, ಮೈತುಂಬ ಎಣ್ಣೆ, ಹೊಟ್ಟೆಗೆ ಬಿಗಿದ ಹಳೆಯ ಸೀರೆ, ಕಿವಿ ಮುಚ್ಚುವಂತೆ ತಲೆಗೆ ಕಟ್ಟಿದ ಬಟ್ಟೆ, ಊಟಕ್ಕೆ ಮೆಣಸಿನ ಸಾರು, ಒಣಶುಂಠಿ. ಕಿಟಕಿ ತೆರೆದರೆ ಅಜ್ಜಿ ಗದರುತ್ತಾಳೆ, ಗಾಳಿ ಸೋಕೀತೆಂದು. ಚೀನಾದಲ್ಲಿ ಇದಕ್ಕೆ 'ತಿಂಗಳು ಕೂರುವುದು' ಎಂದೇ ಹೆಸರು. ಅಲ್ಲೂ ಹೆತ್ತವಳಿಗೆ ಶುಂಠಿ. ಅಲ್ಲೂ ತಣ್ಣೀರು, ಗಾಳಿ ವರ್ಜ್ಯ.

ಆದರೆ ಚೀನೀಯರು ಇದಕ್ಕೊಂದು ನಕ್ಷೆಯನ್ನೇ ಬರೆದರು. ದೇಹದಲ್ಲಿ 'ಚಿ' ಎಂಬ ಚೈತನ್ಯ ಹರಿಯುವ 12 ಮುಖ್ಯ ದಾರಿಗಳಿವೆ, ಅವಲ್ಲದೆ ಎಂಟು ವಿಶೇಷ ದಾರಿಗಳೂ ಇವೆ ಎಂಬುದು ಅವರ ನಂಬಿಕೆ. ಆ ಎಂಟರಲ್ಲಿ 'ರೆನ್' ಮತ್ತು 'ಚೋಂಗ್' ಹೆಣ್ಣಿನ ಮುಟ್ಟಿಗೂ ಬಸಿರಿಗೂ ಸಂಬಂಧಿಸಿದವು. ಸುಮಾರು 2000 ವರ್ಷ ಹಳೆಯದಾದ 'ಹುವಾಂಗ್‌ದಿ ನೇಯ್‌ಜಿಂಗ್' ಗ್ರಂಥ ಹೆಣ್ಣಿನ ಬದುಕನ್ನು ಏಳರ ಮಗ್ಗಿಯಲ್ಲಿ ಎಣಿಸುತ್ತದೆ. ಏಳೆರಡಲ 14ಕ್ಕೆ ಈ ದಾರಿಗಳು ತುಂಬಿ ಮುಟ್ಟು ಬರುತ್ತದೆ; ಏಳೇಳಲ 49ಕ್ಕೆ ಬರಿದಾಗಿ ನಿಲ್ಲುತ್ತದೆ. ಐವತ್ತು ದಾಟಿದ ನನಗೆ ಈ ಲೆಕ್ಕ ಓದಿ ನಗು ಬಂತು, ಒಳಗೊಳಗೇ ಮೆಚ್ಚಿಕೆಯೂ ಆಯಿತು. ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವ್ ಅಂತೂ ತನ್ನ ಔಷಧಗ್ರಂಥದಲ್ಲಿ ಹೆಂಗಸರ ಕಾಯಿಲೆಗಳನ್ನೇ ಮೊದಲಿಗೆ ಇಟ್ಟ.

ನಮ್ಮಲ್ಲೂ ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳಿವೆಯಲ್ಲ, ಎರಡೂ ಒಂದೇ ಎನ್ನುವವರುಂಟು. ನಾನು ಒಪ್ಪುವುದಿಲ್ಲ. ಅದು ಯೋಗಿಯ ಸಾಧನೆಯ ದಾರಿ, ಮುಟ್ಟಿನ ನೋವಿನ ನಕ್ಷೆಯಲ್ಲ. ನಮ್ಮ ಬಾಣಂತಿ ಕೋಣೆಯ ಬೇರು ಇರುವುದು ಆಯುರ್ವೇದದಲ್ಲಿ. ಹೆತ್ತವಳ ಹೊಟ್ಟೆಗೆ ಎಣ್ಣೆ ತುಪ್ಪ ಸವರಿ ಅಗಲವಾದ ಬಟ್ಟೆ ಸುತ್ತಬೇಕು, ಖಾಲಿಯಾದ ಜಾಗದಲ್ಲಿ ವಾಯು ಕೆರಳದಿರಲಿ ಎಂದು ಚರಕ ಸಂಹಿತೆ ಹೇಳುತ್ತದೆ. ಅಜ್ಜಿ ಚರಕನನ್ನು ಓದಿದವಳಲ್ಲ. ಸೀರೆ ಮಾತ್ರ ಹಾಗೆಯೇ ಬಿಗಿದಳು.

ಅವಳ ವಿದ್ಯೆಯನ್ನು ಬರೆದಿಟ್ಟವರು ಯಾರು? 12ನೆಯ ಶತಮಾನದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮ ದನಗಳ ಚಿಕಿತ್ಸೆಗೆಂದೇ ಕನ್ನಡದಲ್ಲಿ 'ಗೋವೈದ್ಯ' ಬರೆದ. ನಮ್ಮ ಸಾಗರದ ಪಕ್ಕದ ಕೆಳದಿಯಲ್ಲಿ, ರಾಣಿ ಚೆನ್ನಮ್ಮಾಜಿಯ ದತ್ತುಪುತ್ರ ಬಸವಪ್ಪ ನಾಯಕ 1709ರಲ್ಲಿ 'ಶಿವತತ್ತ್ವ ರತ್ನಾಕರ'ವೆಂಬ ವಿಶ್ವಕೋಶ ರಚಿಸಿದ, ಸಂಸ್ಕೃತದಲ್ಲಿ. ಸೂಲಗಿತ್ತಿಯ ಕೈಚಳಕ ಮಾತ್ರ ಬಹುಪಾಲು ಬಾಯಿಂದ ಬಾಯಿಗೇ ಉಳಿಯಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಹಳೆಯದೆಲ್ಲ ಹೊನ್ನಲ್ಲ, ನಿಜ. ಬಾಣಂತಿಗೆ ಬಾಯಾರಿದರೂ ನೀರು ಕೊಡದಿರುವುದು ನಮ್ಮ ಕಡೆಯ ದೊಡ್ಡ ತಪ್ಪು. ಹಾಲೂಡಿಸುವವಳಿಗೆ ನೀರು ಹೆಚ್ಚೇ ಬೇಕು. ಸೊಪ್ಪು, ಹಣ್ಣು ಬಿಡಿಸಿ ರಕ್ತಹೀನತೆಗೆ ದಾರಿ ಮಾಡಿದ್ದೂ ಉಂಟು. ಚೀನೀಯರ ನಕ್ಷೆಯೂ ಹಾಗೆಯೇ. ದೇಹವನ್ನು ಕೊಯ್ದು ನೋಡಿದವರಿಗೆ ಆ ದಾರಿಗಳು ಸಿಕ್ಕಿಲ್ಲ. ಮುಟ್ಟಿನ ನೋವಿಗೆ ಒಳಗಣಕಾಲಿನ ಗಂಟಿನಿಂದ ನಾಲ್ಕು ಬೆರಳು ಮೇಲೆ ಒತ್ತುವ ಪದ್ಧತಿ ಪ್ರಸಿದ್ಧ, ಬಸುರಿಗೆ ಅದು ನಿಷಿದ್ಧ. ಇಂಥ ಸೂಜಿ ಮತ್ತು ಒತ್ತಡದ ಚಿಕಿತ್ಸೆಗಳ ಬಗೆಗಿನ 42 ಪ್ರಯೋಗಗಳನ್ನು 2016ರಲ್ಲಿ ಕಾಕ್ರೇನ್ ಸಂಸ್ಥೆಯವರು ಒಟ್ಟಿಗೆ ಪರಿಶೀಲಿಸಿದರೂ ಗಟ್ಟಿ ತೀರ್ಮಾನಕ್ಕೆ ಬರಲಾಗಲಿಲ್ಲ. ಒತ್ತಿದರೆ ಹಿತವೆನಿಸಿದವರು ಒತ್ತಿಕೊಳ್ಳಲಿ, ಆದರೆ ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಆ ಕೋಣೆಯಲ್ಲಿ ನಿಜಕ್ಕೂ ಮದ್ದಾಗಿದ್ದದ್ದು ವಿಶ್ರಾಂತಿಯೆಂದು ನನಗನಿಸುತ್ತದೆ. ವರ್ಷವಿಡೀ ದುಡಿಯುವ ಹೆಣ್ಣಿಗೆ ಯಾರೋ ನೀರು ಹೊಯ್ದು, ಯಾರೋ ಬಿಸಿ ಅನ್ನ ಬಡಿಸುವ ಒಂದೇ ಕಾಲ ಅದು. ಅದೂ ಎಲ್ಲರಿಗಿರಲಿಲ್ಲ. ತೋಟದ ಮನೆಯ ಮಗಳು ಕೋಣೆಯಲ್ಲಿ ಮಲಗಿದ್ದಾಗ, ಅದೇ ಮನೆಗೆ ಅಡಿಕೆ ಸುಲಿಯಲು ಬರುವವಳು ಹೆತ್ತ ಕೆಲವೇ ದಿನಕ್ಕೆ ಕೂಸನ್ನು ಅಂಗಳದ ಮೂಲೆಯಲ್ಲಿ ಮಲಗಿಸಿ, ಚಳಿಯ ರಾತ್ರಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದಳು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಆದರೆ ಸುಲಿದ ಅಡಿಕೆಯ ಲೆಕ್ಕಕ್ಕೆ ಕೂಲಿ ಪಡೆಯುವ ಇವಳಿಗೆ ರಜೆ ಕೊಡಬೇಕಾದವರು ಯಾರು?